ಗುಜರಿಗೆ ಹೊರಟ ಹಳೆಯ ಲೇತ್ ಮನೆಗೆ ತರುತ್ತೀರಾ? ತುಕ್ಕು ತೆಗೆಯುವ ಮುನ್ನ ಇಷ್ಟು ತಿಳಿದಿರಲಿ

ಪುಣೆಯ ಭೋಸರಿ, ಚೆನ್ನೈನ ಅಂಬತ್ತೂರು, ಹೈದರಾಬಾದ್‌ನ ಬಾಲಾನಗರ, ದೆಹಲಿಯ ಓಖ್ಲಾ, ಬೆಂಗಳೂರಿನ ಪೀಣ್ಯ. ಈ ಕೈಗಾರಿಕಾ ಪ್ರದೇಶಗಳ ಸಣ್ಣ ಶೆಡ್‌ಗಳಲ್ಲಿ ಕಾಣುವ ದೃಶ್ಯ ಒಂದೇ. ಹೊಸ ಸಿಎನ್‌ಸಿ ಯಂತ್ರ ಬಂದ ಮೇಲೆ ಹಳೆಯ ಲೇತ್ ಮೂಲೆ ಸೇರಿದೆ. ಮೇಲೆ ಗೋಣಿಚೀಲ, ಅದರ ಕೆಳಗೆ ಕೆಂಪು ತುಕ್ಕು. ಮಾಲೀಕರು ಶೆಡ್ ಖಾಲಿ ಮಾಡುವ ದಿನ ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ತೂಗಿ ಒಯ್ಯುತ್ತಾನೆ.

ಅಪ್ಪನ ವರ್ಕ್‌ಶಾಪ್ ಮುಚ್ಚಿದಾಗ ಉಳಿದ ಲೇತ್ ಇರಬಹುದು, ಪರಿಚಯದವರು ಕಡಿಮೆ ಬೆಲೆಗೆ ಕೊಡುತ್ತೇನೆಂದ ಲೇತ್ ಇರಬಹುದು. ಅದನ್ನು ಮನೆಯ ಗ್ಯಾರೇಜಿನಲ್ಲೇ ಸರಿಪಡಿಸಿ ಮತ್ತೆ ಓಡಿಸಬಹುದೇ? ಬಹುಪಾಲು ಸಂದರ್ಭಗಳಲ್ಲಿ ಖಂಡಿತ ಆಗುತ್ತದೆ. ಆದರೆ ಮೊದಲ ದಿನವೇ ಗ್ರೈಂಡರ್ ಹಿಡಿದು ಹೊರಟರೆ ತುಕ್ಕಿನ ಜೊತೆಗೆ ಲೇತ್‌ನ ನಿಖರತೆಯೂ ಹೋಗುತ್ತದೆ. ವಿದ್ಯುತ್ ಸಂಪರ್ಕದಲ್ಲಿ ಅಸಡ್ಡೆ ಮಾಡಿದರೆ ಜೀವಕ್ಕೇ ಅಪಾಯ. ಯಾವುದನ್ನು ನೋಡಬೇಕು, ಯಾವ ಕ್ರಮದಲ್ಲಿ ಕೆಲಸ ಮಾಡಬೇಕು, ಯಾವಾಗ ಬೇಡ ಎನ್ನಬೇಕು ಎಂಬ ವಿವರ ಇಲ್ಲಿದೆ.

ಹಳೆಯ ಲೇತ್‌ಗೆ ಇಷ್ಟು ಬೆಲೆ ಏಕೆ?

ಲೇತ್‌ನ ಮೂಲ ವಿನ್ಯಾಸ ಬಹಳ ಹಳೆಯದು. 1800ರ ಸುಮಾರಿಗೆ ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲಿ ರೂಪಿಸಿದ ಸ್ಕ್ರೂ ಕತ್ತರಿಸುವ ಲೇತ್‌ನಲ್ಲಿದ್ದ ಲೀಡ್ ಸ್ಕ್ರೂ, ಬದಲಿಸಬಹುದಾದ ಗೇರ್, ಜಾರುವ ಟೂಲ್‌ಪೋಸ್ಟ್ ಇಂದಿನ ಸಾಮಾನ್ಯ ಲೇತ್‌ನಲ್ಲೂ ಇವೆ. ಹಾಗಾಗಿ ಐವತ್ತು ವರ್ಷದ ಹಿಂದಿನ ಲೇತ್ ಕೂಡ ಇಂದಿನ ಕೆಲಸ ಮಾಡಬಲ್ಲದು.

ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ನಂಟೂ ಇದೆ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ಎಲ್ಲೆಡೆ ಹೋದವು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾಯಿತು. ವಾಚುಗಳಿಂದ ಮನೆಮಾತಾದ ಈ ಸಂಸ್ಥೆಯ ಮೂಲ ಕಸುಬು ಯಂತ್ರೋಪಕರಣ ತಯಾರಿಕೆ. ಹರಿಹರದ ಕಾರ್ಖಾನೆ ಈಗ ಇಲ್ಲ, ಆದರೆ ಅಲ್ಲಿ ತಯಾರಾದ ಲೇತ್‌ಗಳು ಐಟಿಐಗಳಲ್ಲಿ, ರಿಪೇರಿ ಶೆಡ್‌ಗಳಲ್ಲಿ ಇನ್ನೂ ಸಿಗುತ್ತವೆ. ಪಂಜಾಬಿನ ಬಟಾಲಾ, ಲುಧಿಯಾನ ಮತ್ತು ಗುಜರಾತಿನ ರಾಜ್‌ಕೋಟ್‌ನ ಸಣ್ಣ ಕಾರ್ಖಾನೆಗಳಲ್ಲಿ ತಯಾರಾದ ಲೇತ್‌ಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಧಾರಾಳವಾಗಿವೆ.

ಹೆಸರಿಗಿಂತ ಮುಖ್ಯವಾದದ್ದು ಯಂತ್ರದ ಇಂದಿನ ಸ್ಥಿತಿ. ಒಳ್ಳೆಯ ಕಂಪನಿಯ ಸವೆದ ಲೇತ್‌ಗಿಂತ ಸಾಮಾನ್ಯ ಕಂಪನಿಯ, ಕಡಿಮೆ ಬಳಸಿದ ಲೇತ್ ಎಷ್ಟೋ ಮೇಲು.

ತುಕ್ಕಿಗೆ ಹೆದರಬೇಡಿ, ಸವೆತವನ್ನು ಹುಡುಕಿ

ಲೇತ್‌ನ ಬೆಡ್ ಬೀಡು ಕಬ್ಬಿಣದ್ದು. ಕಬ್ಬಿಣವು ಗಾಳಿ ಮತ್ತು ತೇವದ ಜೊತೆ ಸೇರಿ ತುಕ್ಕಾದಾಗ ಮೂಲ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಅದಕ್ಕೇ ಸ್ವಲ್ಪ ತುಕ್ಕೂ ಭಯಂಕರವಾಗಿ ಕಾಣುತ್ತದೆ. ಮೇಲ್ಪದರ ಕೆರೆದು ಒರೆಸಿದರೆ ಒಳಗೆ ಕಪ್ಪು ಕಲೆ ಬಿಟ್ಟರೆ ಹೆಚ್ಚಿನ ಹಾನಿ ಇಲ್ಲದಿರುವುದೇ ಹೆಚ್ಚು. ಅಲ್ಲಲ್ಲಿ ಸಣ್ಣ ಗುಳಿ ಬಿದ್ದಿದ್ದರೂ ಚಿಂತೆಯಿಲ್ಲ. ಕ್ಯಾರೇಜ್ ಕೂರುವುದು ಗುಳಿಗಳ ಸುತ್ತ ಉಳಿದ ಎತ್ತರದ ಭಾಗದ ಮೇಲೆ.

ನಿಜವಾದ ಶತ್ರು ಸವೆತ. ಲೇತ್‌ನಲ್ಲಿ ಹೆಚ್ಚಿನ ಕೆಲಸ ನಡೆಯುವುದು ಚಕ್‌ನ ಹತ್ತಿರ. ಹಾಗಾಗಿ ಬೆಡ್‌ನ ಹಳಿಗಳು ಅಲ್ಲಿ ಹೆಚ್ಚು ಸವೆದು, ಟೈಲ್‌ಸ್ಟಾಕ್ ಕಡೆ ಹೊಸದರಂತೆಯೇ ಇರುತ್ತವೆ. ಇದನ್ನು ಸ್ಥಳದಲ್ಲೇ ಪತ್ತೆ ಮಾಡಲು ಸುಲಭ ದಾರಿಯಿದೆ. ಕ್ಯಾರೇಜನ್ನು ಚಕ್ ಹತ್ತಿರ ತಂದು, ಅದರ ಕೆಳಪಟ್ಟಿಯ ಬೋಲ್ಟ್‌ಗಳನ್ನು ಆಟ ಇಲ್ಲದಷ್ಟು ಬಿಗಿ ಮಾಡಿ. ನಂತರ ನಿಧಾನವಾಗಿ ಟೈಲ್‌ಸ್ಟಾಕ್ ಕಡೆ ಸರಿಸಿ. ದೂರ ಹೋದಂತೆ ಬಿಗಿಯಾಗುತ್ತಾ ಕೊನೆಗೆ ಸಿಕ್ಕಿಕೊಂಡರೆ ಬೆಡ್ ಸವೆದಿದೆ ಎಂದೇ ಅರ್ಥ. ಉದ್ದನೆಯ ನೇರ ಪಟ್ಟಿ ಮತ್ತು ಫೀಲರ್ ಗೇಜ್ ಇದ್ದರೆ ಎಷ್ಟು ಸವೆದಿದೆ ಎಂದೂ ಅಳೆಯಬಹುದು.

ಎಷ್ಟು ಸವೆತ ಸಹ್ಯ? ಇಲ್ಲಿ ಸಣ್ಣ ಲೆಕ್ಕ ಅರ್ಥ ಮಾಡಿಕೊಂಡರೆ ಒಳ್ಳೆಯದು. 50 ಮಿ.ಮೀ. ವ್ಯಾಸದ ರಾಡ್ ತಿರುಗಿಸುವಾಗ ಟೂಲ್ ನೇರವಾಗಿ 0.1 ಮಿ.ಮೀ. ಕೆಳಗಿಳಿದರೆ ವ್ಯಾಸದಲ್ಲಿ ಆಗುವ ವ್ಯತ್ಯಾಸ 0.0004 ಮಿ.ಮೀ. ಮಾತ್ರ, ಅಂದರೆ ಅಳತೆಗೇ ಸಿಗದಷ್ಟು. ಆದರೆ ಅದೇ ಟೂಲ್ ಅಡ್ಡಕ್ಕೆ 0.05 ಮಿ.ಮೀ. ಹಿಂದೆ ಸರಿದರೆ ವ್ಯಾಸದಲ್ಲಿ ಅದರ ಎರಡು ಪಟ್ಟು, 0.1 ಮಿ.ಮೀ. ವ್ಯತ್ಯಾಸ ಬರುತ್ತದೆ. ವಿ ಆಕಾರದ ಹಳಿಯ ಒಂದು ಪಕ್ಕ ಮಾತ್ರ ಸವೆದಾಗ ಆಗುವುದು ಇದೇ. ಹಾಗಾಗಿ ಹಳಿಯ ಮುಂಭಾಗದ ಇಳಿಜಾರಿನಲ್ಲಿ ಬೆರಳಿಟ್ಟರೆ ಮೆಟ್ಟಿಲಿನಂಥ ಏಣು ಸಿಗುತ್ತದೆಯೇ ನೋಡಿ. ಉಗುರಿಗೆ ಸ್ಪಷ್ಟವಾಗಿ ತಡೆಯುವ ಏಣು ಇದ್ದರೆ ಬೆಲೆ ಇಳಿಸಲು ಅದು ಸಾಕಷ್ಟು ಕಾರಣ.

ಕೊಳ್ಳುವ ಮುನ್ನ ಇವನ್ನೂ ಪರೀಕ್ಷಿಸಿ:

* ಸ್ಪಿಂಡಲ್: ಚಕ್‌ನಲ್ಲಿ ಉದ್ದದ ರಾಡ್ ಹಿಡಿಸಿ ಮೆಲ್ಲಗೆ ಮೇಲಕ್ಕೆತ್ತಿ. ಚಕ್‌ಗೆ ತಾಗಿಸಿಟ್ಟ ಡಯಲ್ ಗೇಜ್‌ನ ಮುಳ್ಳು 0.05 ಮಿ.ಮೀ.ಗಿಂತ ಹೆಚ್ಚು ಓಡಿದರೆ ಬೇರಿಂಗ್ ಅಥವಾ ಬುಷ್ ಹೊಂದಿಸಬೇಕು, ಇಲ್ಲವೇ ಬದಲಿಸಬೇಕು.
* ಗೇರ್: ಪ್ರತಿ ವೇಗಕ್ಕೂ ಗೇರ್ ಹಾಕಿ ಚಕ್ಕನ್ನು ಕೈಯಿಂದ ತಿರುಗಿಸಿ. ಒಂದು ಸುತ್ತಿಗೆ ಒಂದೇ ಕಡೆ ಟಕ್ ಎಂದರೆ ಹಲ್ಲು ಮುರಿದಿರಬಹುದು.
* ಬಿರುಕು: ಬೀಡು ಕಬ್ಬಿಣಕ್ಕೆ ಪೆಟ್ಟು ತಡೆಯುವ ಗುಣ ಕಡಿಮೆ. ಹೆಡ್‌ಸ್ಟಾಕ್, ಕ್ಯಾರೇಜ್, ಕಾಲುಗಳಲ್ಲಿ ವೆಲ್ಡಿಂಗ್ ಗುರುತು ಕಂಡರೆ ಲೇತ್ ಹಿಂದೆ ಬಿದ್ದಿರುವ ಸಾಧ್ಯತೆ ಇದೆ.
* ಚೇಂಜ್ ಗೇರ್‌ಗಳು: ಪೂರ್ತಿ ಸೆಟ್ ಇದೆಯೇ ಎಣಿಸಿ. ಇವು ಕಳೆದಿದ್ದರೆ ಥ್ರೆಡ್ ಕತ್ತರಿಸಲಾಗದು.
* ಚಕ್, ಸ್ಟೆಡಿ, ಫೇಸ್‌ಪ್ಲೇಟ್: ಆಮೇಲೆ ಬೇರೆಯಾಗಿ ಕೊಂಡರೆ ಲೇತ್‌ನ ಬೆಲೆಯನ್ನೇ ಮುಟ್ಟಬಹುದು.

ಕ್ರಾಸ್ ಸ್ಲೈಡ್‌ನ ಹಿಡಿ ಕಾಲು ಸುತ್ತು ಸುಮ್ಮನೆ ತಿರುಗಿದರೆ ಗಾಬರಿ ಬೇಡ. ಟರ್ನರ್ ಯಾವಾಗಲೂ ಒಂದೇ ದಿಕ್ಕಿನಿಂದ ಟೂಲ್ ಒಳಗೆ ತರುವುದರಿಂದ ಈ ಆಟ ಅಳತೆಯನ್ನು ಕೆಡಿಸುವುದಿಲ್ಲ. ನಟ್ ಬದಲಿಸಿದರೆ ಅದೂ ಸರಿಹೋಗುತ್ತದೆ.

127 ಹಲ್ಲಿನ ಗೇರ್ ಇದೆಯೇ?

ಭಾರತದಲ್ಲಿ ಮೆಟ್ರಿಕ್ ಪದ್ಧತಿಗೆ ಕಾನೂನು ಬಂದದ್ದು 1956ರಲ್ಲಿ. ನಂತರದ ವರ್ಷಗಳಲ್ಲಿ ಅದು ಹಂತ ಹಂತವಾಗಿ ಜಾರಿಯಾಯಿತು. ಹಾಗಾಗಿ ಹಳೆಯ ಲೇತ್‌ಗಳಲ್ಲಿ ಲೀಡ್ ಸ್ಕ್ರೂ ಇಂಚಿನ ಲೆಕ್ಕದ್ದೇ ಹೆಚ್ಚು. ಇಂದು ನಮಗೆ ಬೇಕಾಗುವುದು ಮೆಟ್ರಿಕ್ ಥ್ರೆಡ್.

ಒಂದು ಇಂಚು ಎಂದರೆ 25.4 ಮಿ.ಮೀ. ಇದನ್ನು ಪೂರ್ಣ ಸಂಖ್ಯೆಗೆ ತರಲು 5ರಿಂದ ಗುಣಿಸಬೇಕು, ಆಗ 127 ಬರುತ್ತದೆ. 127 ಅವಿಭಾಜ್ಯ ಸಂಖ್ಯೆ, ಅದನ್ನು ಇನ್ನೂ ಚಿಕ್ಕದು ಮಾಡಲಾಗದು. ಆದ್ದರಿಂದ ಇಂಚಿನ ಲೀಡ್ ಸ್ಕ್ರೂನಲ್ಲಿ ಕರಾರುವಾಕ್ಕಾದ ಮೆಟ್ರಿಕ್ ಥ್ರೆಡ್ ಕತ್ತರಿಸಲು 127 ಹಲ್ಲಿನ ಗೇರ್ ಬೇಕು. ಮಾರುವವರ ಬಳಿ ಗೇರ್‌ಗಳ ಪೆಟ್ಟಿಗೆ ಇದ್ದರೆ ಮೊದಲು ಇದನ್ನೇ ಹುಡುಕಿ. ಇಲ್ಲದಿದ್ದರೆ ಗೇರ್ ಕತ್ತರಿಸುವ ಅಂಗಡಿಯಲ್ಲಿ ಮಾಡಿಸಬಹುದು, ಅದಕ್ಕೆ ಮಾದರಿಯಾಗಿ ಲೇತ್‌ನ ಇನ್ನೊಂದು ಗೇರನ್ನು ಜೊತೆಗೊಯ್ಯಿರಿ.

ಮನೆಗೆ ತರುವುದೇ ಮೊದಲ ಪರೀಕ್ಷೆ

ನಮ್ಮಲ್ಲಿ ಲೇತನ್ನು ಬೆಡ್‌ನ ಉದ್ದದಿಂದ ಕರೆಯುತ್ತಾರೆ: ನಾಲ್ಕೂವರೆ ಅಡಿ, ಆರು ಅಡಿ, ಎಂಟು ಅಡಿ. ಬೆಂಚಿನ ಮೇಲಿಡುವ ಚಿಕ್ಕ ಲೇತ್ ಕೂಡ ಸುಮಾರು ನೂರು ಕಿಲೋ ತೂಗುತ್ತದೆ. ಆರು ಅಡಿಯ ಗೇರ್ ಹೆಡ್ ಲೇತ್ ಅರ್ಧ ಟನ್ ದಾಟುತ್ತದೆ. ಮುಂಬೈಯ ಮೂರನೇ ಮಹಡಿಯ ಫ್ಲಾಟ್‌ಗೆ ಇದು ಹೇಳಿಸಿದ್ದಲ್ಲ. ನೆಲಮಹಡಿಯ ಕಾಂಕ್ರೀಟ್ ನೆಲ, ಕಂಪನ ಮತ್ತು ಸದ್ದಿಗೆ ನೆರೆಯವರ ಒಪ್ಪಿಗೆ, ಇವೆರಡೂ ಇದ್ದರೆ ಮಾತ್ರ ಮುಂದುವರಿಯಿರಿ.

ಲೇತ್‌ನ ಭಾರವೆಲ್ಲ ಹೆಡ್‌ಸ್ಟಾಕ್ ಕಡೆ ಮತ್ತು ಮೇಲ್ಭಾಗದಲ್ಲಿರುತ್ತದೆ. ಸ್ವಲ್ಪ ವಾಲಿದರೂ ಮಗುಚಿಕೊಳ್ಳುತ್ತದೆ. ಬೀಳುತ್ತಿರುವ ಲೇತನ್ನು ಕೈಯಿಂದ ತಡೆಯಲು ಯಾರೂ ಹೋಗಬಾರದು, ದೂರ ಸರಿಯಬೇಕು. ಟೈಲ್‌ಸ್ಟಾಕ್, ಚಕ್, ಮೋಟಾರ್ ಮೊದಲೇ ಬಿಚ್ಚಿ ಬೇರೆ ಒಯ್ಯಿರಿ. ಕ್ಯಾರೇಜನ್ನು ಟೈಲ್‌ಸ್ಟಾಕ್ ತುದಿಗೆ ಸರಿಸಿ ಬಿಗಿ ಮಾಡಿದರೆ ಎತ್ತುವಾಗ ತೂಕ ಸಮವಾಗುತ್ತದೆ. ಎತ್ತುವ ಬೆಲ್ಟ್ ಬೆಡ್‌ಗೆ ಇರಲಿ, ಲೀಡ್ ಸ್ಕ್ರೂ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ. ಒಮ್ಮೆ ಬಾಗಿದ ಲೀಡ್ ಸ್ಕ್ರೂ ನೇರ ಮಾಡುವುದು ಕಷ್ಟ. ಯಂತ್ರ ಸಾಗಿಸಿ ಅನುಭವವಿರುವ ಹಮಾಲರಿಗೆ, ಕ್ರೇನಿನವರಿಗೆ ಕೊಡುವ ಹಣ ದಂಡವಲ್ಲ.

ಬಿಚ್ಚುವಾಗ ಗಡಿಬಿಡಿ ಬೇಡ

ಪ್ರತಿ ಭಾಗ ಬಿಚ್ಚುವ ಮುನ್ನ ಮೊಬೈಲ್‌ನಲ್ಲಿ ಎರಡು ಕೋನದಿಂದ ಫೋಟೋ ತೆಗೆಯಿರಿ. ಒಂದು ಭಾಗದ ಬೋಲ್ಟ್, ವಾಷರ್, ಶಿಮ್ ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ ಹೆಸರು ಬರೆಯಿರಿ. ಹಳೆಯ ಫಿಟ್ಟರ್ ಕಾಗದದಷ್ಟು ತೆಳುವಾದ ಶಿಮ್ ಹಾಕಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ಅದನ್ನು ಕಸವೆಂದು ಎಸೆಯಬೇಡಿ.

ಬಿಗಿಯಾದ ಬೋಲ್ಟಿಗೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ಬೋಲ್ಟಿನ ತಲೆಗೆ ಸಣ್ಣ ಪೆಟ್ಟುಗಳನ್ನು ಕೊಟ್ಟು, ಮೊದಲು ಸ್ವಲ್ಪ ಬಿಗಿ ಮಾಡುವ ದಿಕ್ಕಿಗೆ, ಆಮೇಲೆ ಸಡಿಲಿಸುವ ದಿಕ್ಕಿಗೆ ಪ್ರಯತ್ನಿಸಿ. ಆದರೂ ಬಾರದಿದ್ದರೆ ಬಲ ಹಾಕುವ ಮುನ್ನ ಈ ಮೂರನ್ನು ಯೋಚಿಸಿ.

ಮೊದಲನೆಯದು, ಥ್ರೆಡ್‌ನ ದಿಕ್ಕು. ಕ್ರಾಸ್ ಸ್ಲೈಡ್‌ನ ಸ್ಕ್ರೂ ಸಾಮಾನ್ಯವಾಗಿ ಲೆಫ್ಟ್ ಥ್ರೆಡ್. ಎರಡನೆಯದು, ಟೇಪರ್ ಪಿನ್. ಲೀಡ್ ಸ್ಕ್ರೂ ಮತ್ತು ಹಿಡಿಗಳಲ್ಲಿ ಇರುವ ಈ ಪಿನ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ. ಸಣ್ಣ ತುದಿಯಿಂದ ಹೊಡೆದರೆ ಮಾತ್ರ ಹೊರಬರುತ್ತದೆ, ತಪ್ಪು ಕಡೆ ಹೊಡೆದಷ್ಟೂ ಬಿಗಿಯಾಗುತ್ತದೆ. ಎರಡೂ ತುದಿಗಳನ್ನು ಉಜ್ಜಿ ವರ್ನಿಯರ್‌ನಲ್ಲಿ ಅಳೆದು ನೋಡಿ. ಮೂರನೆಯದು, ಗ್ರಬ್ ಸ್ಕ್ರೂ. ಒಂದರ ಹಿಂದೆ ಇನ್ನೊಂದು ಗ್ರಬ್ ಸ್ಕ್ರೂ ಹಾಕುವ ರೂಢಿ ಇದೆ. ಒಂದನ್ನು ತೆಗೆದ ಮೇಲೆ ಅದೇ ತೂತಿನಲ್ಲಿ ಟಾರ್ಚ್ ಬಿಟ್ಟು ನೋಡಿ.

ಥ್ರೆಡ್‌ನಲ್ಲಿ ಕೂರುವ ಚಕ್ ಸ್ಪಿಂಡಲ್‌ಗೆ ಅಂಟಿಕೊಂಡಿರುವುದು ಸಾಮಾನ್ಯ. ಆಗ ಬ್ಯಾಕ್ ಗೇರ್ ಹಾಕಿ ಸ್ಪಿಂಡಲ್ ಲಾಕ್ ಮಾಡಿ ಚಕ್ ತಿರುವಲು ಹೋದರೆ ಗೇರಿನ ಹಲ್ಲು ಮುರಿಯುತ್ತದೆ. ಹಳೆಯ ಲೇತ್‌ಗಳಲ್ಲಿ ಕಾಣುವ ಮುರಿದ ಹಲ್ಲುಗಳಲ್ಲಿ ಎಷ್ಟೋ ಹೀಗೆ ಆದವು. ಎಣ್ಣೆ ಹಾಕಿ, ಸ್ಪಿಂಡಲನ್ನು ಗೇರಿನಿಂದಲ್ಲದೆ ಬೆಲ್ಟ್ ಪುಲ್ಲಿಯಿಂದ ಅಥವಾ ಹಿಂತುದಿಗೆ ಹಾಕಿದ ಕ್ಲಾಂಪ್‌ನಿಂದ ಹಿಡಿದು, ಜಾಗಳ ನಡುವೆ ದಪ್ಪ ರಾಡ್ ಹಿಡಿಸಿ ನಿಧಾನವಾಗಿ ತಿರುಗಿಸಿ. ಕೆಳಗೆ ಬೆಡ್ ಮೇಲೆ ಮರದ ಹಲಗೆ ಇರಲಿ. ಚಕ್ ಬಿದ್ದರೆ ಬೆಡ್‌ಗೂ ಪೆಟ್ಟು, ಬೆರಳಿಗೂ ಪೆಟ್ಟು.

ತುಕ್ಕು ತೆಗೆಯಲು ಯಾವ ವಿಧಾನ?

ಒಂದೇ ವಿಧಾನ ಎಲ್ಲ ಭಾಗಕ್ಕೂ ಸಲ್ಲದು. ಭಾಗ ಯಾವುದು ಎಂಬುದರ ಮೇಲೆ ಆಯ್ಕೆ ಮಾಡಿ.

* ಬೆಡ್ ಮತ್ತು ಜಾರುವ ಮೇಲ್ಮೈಗಳು: ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ, ಅಗಲವಾದ ಬ್ಲೇಡನ್ನು ಬಹುತೇಕ ಮಲಗಿಸಿ ಹಿಡಿದು ತುಕ್ಕು ಕೆರೆಯಿರಿ. ನಂತರ ಎಣ್ಣೆ ಸಮೇತ ನಯವಾದ ಸ್ಕಾಚ್‌ಬ್ರೈಟ್‌ನಿಂದ ಉಜ್ಜಿ. ಕಪ್ಪು ಕಲೆ ಉಳಿದರೆ ಉಳಿಯಲಿ. ಇಲ್ಲಿ ಗ್ರೈಂಡರ್, ಸ್ಯಾಂಡರ್, ಸ್ಯಾಂಡ್ ಬ್ಲಾಸ್ಟಿಂಗ್ ಬೇಡವೇ ಬೇಡ. ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಸಮ ಮಾಡಿದ ಮೇಲ್ಮೈಯನ್ನು ಕೈ ಗ್ರೈಂಡರ್ ಒಂದೇ ನಿಮಿಷದಲ್ಲಿ ಅಲೆಅಲೆಯಾಗಿಸುತ್ತದೆ.

* ಹಿಡಿ, ಬೋಲ್ಟ್, ಬ್ರಾಕೆಟ್‌ನಂಥ ಸಣ್ಣ ಭಾಗಗಳು: ಒಂದು ಲೀಟರ್ ನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಬೆರೆಸಿ ಮುಳುಗಿಸಿ. ಕೆಲವು ಗಂಟೆಗೊಮ್ಮೆ ತೆಗೆದು ಬ್ರಷ್‌ನಿಂದ ಉಜ್ಜಿ ನೋಡಿ. ಹೆಚ್ಚು ಹೊತ್ತು ಬಿಟ್ಟರೆ ಒಳ್ಳೆಯ ಲೋಹವನ್ನೂ ಕೊರೆಯುತ್ತದೆ. ತೆಗೆದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಬಿಸಿ ಗಾಳಿಯಲ್ಲಿ ಒಣಗಿಸಿ, ತಕ್ಷಣ ಎಣ್ಣೆ ಹಚ್ಚಿ. ತಡಮಾಡಿದರೆ ಕಣ್ಣೆದುರೇ ಹೊಸ ತುಕ್ಕು ಏಳುತ್ತದೆ.

* ಸಂದಿಗೊಂದಿ ಹೆಚ್ಚಿರುವ ಭಾಗಗಳು: ವಿದ್ಯುತ್ ವಿಧಾನ ಒಳ್ಳೆಯದು. ಪ್ಲಾಸ್ಟಿಕ್ ಟಬ್‌ನಲ್ಲಿ ನೀರು, ಐದು ಲೀಟರಿಗೆ ಒಂದೆರಡು ದೊಡ್ಡ ಚಮಚ ವಾಷಿಂಗ್ ಸೋಡಾ. 12 ವೋಲ್ಟ್ ಬ್ಯಾಟರಿ ಚಾರ್ಜರ್‌ನ ನೆಗೆಟಿವ್ ತಂತಿ ತುಕ್ಕು ಹಿಡಿದ ಭಾಗಕ್ಕೆ, ಪಾಸಿಟಿವ್ ತಂತಿ ಬೇಡವಾದ ಸಾಧಾರಣ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಒಳ್ಳೆಯ ಲೋಹಕ್ಕೆ ಹಾನಿ ಮಾಡದೆ ತುಕ್ಕನ್ನು ಮಾತ್ರ ಸಡಿಲಿಸುವುದು ಇದರ ಗುಣ.

ವಿದ್ಯುತ್ ವಿಧಾನದಲ್ಲಿ ಮರೆಯಬಾರದ ಎಚ್ಚರಿಕೆಗಳು ಹಲವು. ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಚಮಚ, ತಟ್ಟೆ ಹಾಕಬೇಡಿ. ಅದರಲ್ಲಿನ ಕ್ರೋಮಿಯಂ ಕ್ಯಾನ್ಸರ್ ತರಬಲ್ಲ ವಿಷಕಾರಿ ರೂಪಕ್ಕೆ ಬದಲಾಗಿ ನೀರಿಗೆ ಸೇರುತ್ತದೆ. ಸೋಡಾ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸರಿಯಾಗಿ ಮಾಡಿದರೂ ಹೈಡ್ರೋಜನ್ ಅನಿಲದ ಗುಳ್ಳೆಗಳು ಬರುತ್ತವೆ, ಇದು ಕಿಡಿ ತಾಗಿದರೆ ಹೊತ್ತಿಕೊಳ್ಳುವ ಅನಿಲ. ಆದ್ದರಿಂದ ತೆರೆದ ಜಾಗದಲ್ಲಿ ಮಾಡಿ, ಹತ್ತಿರ ಬೀಡಿ ಸಿಗರೇಟು ಬೇಡ, ಕೈ ಹಾಕುವ ಮುನ್ನ ಚಾರ್ಜರ್ ಆಫ್ ಮಾಡಿ. ಅಲ್ಯೂಮಿನಿಯಂ ಭಾಗ ಹಾಕಬೇಡಿ. ಸ್ಪ್ರಿಂಗ್‌ನಂಥ ಗಟ್ಟಿ ಉಕ್ಕಿನ ಭಾಗಗಳು ಹೈಡ್ರೋಜನ್ ಹೀರಿ ಮುರಿಯುವಂತಾಗಬಹುದು, ಅವನ್ನು ಕೈಯಿಂದಲೇ ಉಜ್ಜಿ.

ಟಾಯ್ಲೆಟ್ ತೊಳೆಯುವ ಆಸಿಡ್ ಬಳಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ಕೇಳಬೇಡಿ. ಅದರ ಹೊಗೆಯಿಂದ ಅದೇ ಕೋಣೆಯಲ್ಲಿರುವ ಉಳಿದ ಉಪಕರಣಗಳಿಗೂ ತುಕ್ಕು ಹಿಡಿಯುತ್ತದೆ. ಶ್ವಾಸಕೋಶಕ್ಕಂತೂ ಹಾನಿ ಖಚಿತ.

ಹಳೆಯ ಬಣ್ಣದಲ್ಲಿ ಸೀಸ ಇರಬಹುದು

ದಶಕಗಳ ಹಿಂದಿನ ಯಂತ್ರಗಳ ಬಣ್ಣದಲ್ಲಿ, ಅದರಲ್ಲೂ ಅಡಿಯ ಕೆಂಪು ಪ್ರೈಮರ್‌ನಲ್ಲಿ, ಸೀಸ ಇರುವ ಸಾಧ್ಯತೆ ಹೆಚ್ಚು. ಒಣಗಿದ ಬಣ್ಣವನ್ನು ಗ್ರೈಂಡರ್ ಅಥವಾ ಎಮರಿ ಪೇಪರ್‌ನಿಂದ ಉಜ್ಜಿದರೆ ಅದರ ಪುಡಿ ಗಾಳಿಗೆ ಸೇರುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಇದು ಗಂಭೀರ ವಿಷಯ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ.

ಪೇಂಟ್ ರಿಮೂವರ್ ಹಚ್ಚಿ ಒದ್ದೆಯಾಗಿರುವಾಗಲೇ ಕೆರೆದು ತೆಗೆಯಿರಿ. ಎನ್95 ಮಟ್ಟದ ಮಾಸ್ಕ್ ಮತ್ತು ಗಾಳಿಯಾಡುವ ಜಾಗ ಇರಲಿ. ಬಿದ್ದ ಚೂರುಗಳನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಡಿದು ಕಟ್ಟಿ ಬಿಸಾಡಿ, ಗುಡಿಸಬೇಡಿ. ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯಬೇಡಿ. ಬಣ್ಣ ಭದ್ರವಾಗಿ ಕೂತಿದ್ದರೆ ತೊಳೆದು ಹಾಗೇ ಬಿಡುವುದೂ ಒಂದು ಒಳ್ಳೆಯ ಆಯ್ಕೆ. ಹೊಸ ಬಣ್ಣದಿಂದ ಲೇತ್ ಚೆನ್ನಾಗಿ ಕಾಣುತ್ತದೆ, ಚೆನ್ನಾಗಿ ಓಡುವುದು ಬೇರೆ ಕಾರಣಗಳಿಂದ.

ಮನೆಯ ಕರೆಂಟಿನಲ್ಲಿ ಓಡುತ್ತದೆಯೇ?

ಕಾರ್ಖಾನೆಯ ಲೇತ್‌ಗಳಲ್ಲಿ ಸಾಮಾನ್ಯವಾಗಿ 415 ವೋಲ್ಟ್‌ನ ತ್ರೀ ಫೇಸ್ ಮೋಟಾರ್ ಇರುತ್ತದೆ. ಹೆಚ್ಚಿನ ಮನೆಗಳಿಗೆ ಬರುವುದು 230 ವೋಲ್ಟ್‌ನ ಸಿಂಗಲ್ ಫೇಸ್. ಇದಕ್ಕೆ ಎರಡು ಮುಖ್ಯ ದಾರಿಗಳಿವೆ.

ಒಂದು, ಮೋಟಾರನ್ನೇ ಬದಲಿಸಿ ಅದೇ ವೇಗದ ಸಿಂಗಲ್ ಫೇಸ್ ಮೋಟಾರ್ ಹಾಕುವುದು. ಇದು ಸರಳ. ಇನ್ನೊಂದು, ವಿಎಫ್‌ಡಿ ಎಂಬ ಸಾಧನ ಬಳಸುವುದು. ಇದು ಸಿಂಗಲ್ ಫೇಸ್ ಪಡೆದು ತ್ರೀ ಫೇಸ್ ಕೊಡುತ್ತದೆ, ವೇಗವನ್ನೂ ಬೇಕಾದಂತೆ ಬದಲಿಸಬಹುದು. ಆದರೆ ಸಾಮಾನ್ಯ ವಿಎಫ್‌ಡಿಯಿಂದ ಹೊರಬರುವುದು 230 ವೋಲ್ಟ್ ಮಾತ್ರ. ಹಾಗಾಗಿ ಮೋಟಾರನ್ನು ಸ್ಟಾರ್‌ನಿಂದ ಡೆಲ್ಟಾ ಸಂಪರ್ಕಕ್ಕೆ ಬದಲಿಸಲು ಬರಬೇಕು. ಮೋಟಾರ್‌ನ ಪ್ಲೇಟ್‌ನಲ್ಲಿ ಎರಡೂ ವೋಲ್ಟೇಜ್ ಬರೆದಿದೆಯೇ, ಡಬ್ಬಿಯಲ್ಲಿ ಆರು ತುದಿಗಳು ಇವೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ವಿಎಫ್‌ಡಿ ಮತ್ತು ಮೋಟಾರ್ ನಡುವೆ ಹಳೆಯ ಸ್ವಿಚ್ ಉಳಿಸಿಕೊಳ್ಳಬಾರದು. ಆನ್, ಆಫ್ ಎಲ್ಲವೂ ವಿಎಫ್‌ಡಿ ಮೂಲಕವೇ ಆಗಬೇಕು.

ಇವು ಯಾವ ಕಾರಣಕ್ಕೂ ತಪ್ಪಬಾರದು: ಲೇತ್‌ನ ಮೈಗೆ ಸರಿಯಾದ ಅರ್ಥಿಂಗ್, ಸರ್ಕ್ಯೂಟ್‌ಗೆ ಆರ್‌ಸಿಸಿಬಿ, ನಿಂತಲ್ಲೇ ಕೈಗೆ ಸಿಗುವ ಕೆಂಪು ಸ್ಟಾಪ್ ಬಟನ್. ಜೊತೆಗೆ, ಕರೆಂಟು ಹೋಗಿ ಬಂದಾಗ ಲೇತ್ ತಾನಾಗಿ ಶುರುವಾಗದಂತೆ ತಡೆಯುವ ಸ್ಟಾರ್ಟರ್. ನಮ್ಮಲ್ಲಿ ಪವರ್ ಕಟ್ ಸಾಮಾನ್ಯ. ಕರೆಂಟು ಹೋಯಿತೆಂದು ಚಕ್‌ಗೆ ಕೈ ಹಾಕಿರುವಾಗ ಅದು ಮರಳಿ ಬಂದರೆ ಏನಾದೀತು ಎಂದು ಊಹಿಸಿ. ಹಳೆಯ ವೈರ್‌ಗಳ ರಬ್ಬರ್ ಹೊದಿಕೆ ಮುಟ್ಟಿದರೆ ಉದುರುವಂತಿರುತ್ತದೆ, ಅಷ್ಟನ್ನೂ ಬದಲಿಸಿ. ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಆಗಲಿ.

ಜೋಡಣೆ, ಎಣ್ಣೆ ಮತ್ತು ಲೆವೆಲ್

ಜೋಡಿಸುವಾಗ ಎಣ್ಣೆಯ ಪ್ರತಿ ತೂತನ್ನೂ ತಂತಿ ಹಾಕಿ ಸ್ವಚ್ಛ ಮಾಡಿ. ಹಿಂದಿನವರು ಗ್ರೀಸ್ ತುಂಬಿ ಮುಚ್ಚಿರುವುದು ಸಾಮಾನ್ಯ. ಎಣ್ಣೆಗೆಂದು ಮಾಡಿದ ತೂತಿಗೆ ಗ್ರೀಸ್ ಹಾಕಿದರೆ ಅದು ಲೋಹದ ಪುಡಿಯನ್ನು ಹಿಡಿದಿಟ್ಟುಕೊಂಡು ಸವೆತ ಹೆಚ್ಚಿಸುತ್ತದೆ. ಬೆಡ್‌ನ ಹಳಿಗಳಿಗೆ 68 ಗ್ರೇಡಿನ ಸ್ಲೈಡ್‌ವೇ ಎಣ್ಣೆ ಸೂಕ್ತ. ಹೆಡ್‌ಸ್ಟಾಕ್‌ಗೆ ಲೇತ್‌ನ ಪ್ಲೇಟ್‌ನಲ್ಲಿ ಅಥವಾ ಕೈಪಿಡಿಯಲ್ಲಿ ಹೇಳಿದ ಗ್ರೇಡ್ ಮಾತ್ರ ಹಾಕಿ. ಕಂಚಿನ ಬುಷ್ ಇದ್ದರೆ ವಾಹನಗಳ ಗೇರ್ ಆಯಿಲ್ ಬೇಡ. ಅದರ ಗಂಧಕಯುಕ್ತ ರಾಸಾಯನಿಕಗಳು ಕಂಚನ್ನು ಕೊರೆಯಬಲ್ಲವು.

ಸ್ಥಳದಲ್ಲಿ ಕೂರಿಸಿದ ಮೇಲೆ ಲೆವೆಲ್ ಮಾಡುವುದು ಕಡ್ಡಾಯ. ಕಾಲುಗಳಲ್ಲಿ ಒಂದು ಸ್ವಲ್ಪ ಎತ್ತರ ತಗ್ಗಾದರೂ ಅಷ್ಟು ದಪ್ಪದ ಬೆಡ್ ಹಗ್ಗ ಹೊಸೆದಂತೆ ತಿರುಚಿಕೊಳ್ಳುತ್ತದೆ. ಮನೆ ಕಟ್ಟುವವರ ಸ್ಪಿರಿಟ್ ಲೆವೆಲ್ ಇದಕ್ಕೆ ಸಾಲದು, ಮೀಟರಿಗೆ 0.02 ಮಿ.ಮೀ. ವ್ಯತ್ಯಾಸ ತೋರಿಸುವ ನಿಖರ ಲೆವೆಲ್ ಬೇಕು.

ಅದು ಸಿಗದಿದ್ದರೆ ಹಳೆಯ ಟರ್ನರ್‌ಗಳ ಪರೀಕ್ಷೆಯೊಂದಿದೆ. ದಪ್ಪ ರಾಡನ್ನು ಚಕ್‌ನಲ್ಲಿ ಮಾತ್ರ ಹಿಡಿಸಿ, ಟೈಲ್‌ಸ್ಟಾಕ್ ಆಸರೆ ಕೊಡದೆ, ಸುಮಾರು 150 ಮಿ.ಮೀ. ಅಂತರದಲ್ಲಿ ಎರಡು ಉಂಗುರದಂಥ ಭಾಗ ಬಿಟ್ಟು ನಡುವೆ ತೆಳುವಾಗಿಸಿ. ಟೂಲ್‌ನ ಸ್ಥಾನ ಬದಲಿಸದೆ ಎರಡನ್ನೂ ಬಹಳ ತೆಳುವಾಗಿ ಒಮ್ಮೆ ಕತ್ತರಿಸಿ ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ವ್ಯಾಸ ಸಮವಿದ್ದರೆ ಸರಿ. ಹೊರತುದಿಯದು ದಪ್ಪವಿದ್ದರೆ ಟೈಲ್‌ಸ್ಟಾಕ್ ಕಡೆಯ ಮುಂದಿನ ಕಾಲನ್ನು ಸ್ವಲ್ಪ ಎತ್ತರಿಸಿ. ಸಣ್ಣದಿದ್ದರೆ ಹಿಂದಿನ ಕಾಲನ್ನು ಎತ್ತರಿಸಿ. ಮತ್ತೆ ಕತ್ತರಿಸಿ, ಮತ್ತೆ ಅಳೆಯಿರಿ. ಸವೆದ ಬೆಡ್‌ನಲ್ಲೂ ಈ ಹೊಂದಾಣಿಕೆಯಿಂದ ಫಲಿತಾಂಶ ಎಷ್ಟೋ ಸುಧಾರಿಸುತ್ತದೆ.

ಮೊದಲ ಸಲ ಓಡಿಸುವಾಗ

ಅತಿ ಕಡಿಮೆ ವೇಗದಲ್ಲಿ, ಚಕ್‌ನಲ್ಲಿ ಏನೂ ಹಿಡಿಸದೆ, ಜಾಗಳು ಸಡಿಲವಾಗಿ ಹೊರಚಾಚದಂತೆ ನೋಡಿಕೊಂಡು ಓಡಿಸಿ. ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಬೇರಿಂಗ್ ಇರುವ ಜಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದರೆ ಹೊಂದಾಣಿಕೆ ಬಿಗಿಯಾಗಿದೆ ಅಥವಾ ಎಣ್ಣೆ ತಲುಪುತ್ತಿಲ್ಲ. ಥ್ರೆಡ್ ಚಕ್ ಇರುವ ಲೇತನ್ನು ಹಿಮ್ಮುಖವಾಗಿ ಓಡಿಸಬೇಡಿ, ಚಕ್ ಕಳಚಿ ಹಾರಬಹುದು.

ಲೇತ್ ಮುಂದೆ ನಿಲ್ಲುವಾಗ ಕೈಗವಸು ಹಾಕಬಾರದು. ಇದು ಹೊಸಬರಿಗೆ ವಿಚಿತ್ರ ಅನಿಸುತ್ತದೆ, ಆದರೆ ತಿರುಗುವ ಚಕ್ ಕೈಗವಸಿನ ಒಂದು ಎಳೆ ಹಿಡಿದರೂ ಇಡೀ ಕೈಯನ್ನು ಎಳೆದುಕೊಳ್ಳುತ್ತದೆ. ಉದ್ದ ತೋಳಿನ ಅಂಗಿ, ದುಪಟ್ಟಾ, ಸೆರಗು, ಉಂಗುರ, ಬಳೆ, ಕೈಗೆ ಕಟ್ಟಿದ ದಾರ, ಬಿಚ್ಚಿದ ಕೂದಲು ಎಲ್ಲಕ್ಕೂ ಇದೇ ಮಾತು. ಕನ್ನಡಕ ಕಡ್ಡಾಯ. ಸುರುಳಿ ಚೂರುಗಳನ್ನು ಕೊಕ್ಕೆಯಿಂದ ಎಳೆಯಬೇಕೇ ಹೊರತು ಬೆರಳಿನಿಂದಲ್ಲ. ಚಕ್ ಕೀ ಕೈಯಲ್ಲಿರಬೇಕು ಅಥವಾ ಅದರ ಜಾಗದಲ್ಲಿರಬೇಕು, ಒಂದು ಕ್ಷಣಕ್ಕೂ ಚಕ್‌ನಲ್ಲಿ ಬಿಡಬಾರದು.

ಆಗಾಗ ಕೇಳುವ ಪ್ರಶ್ನೆಗಳು

ಬೆಡ್ ತುಂಬಾ ಸವೆದಿದ್ದರೆ ಏನು ಮಾಡುವುದು?
ಬೆಡ್ ಗ್ರೈಂಡಿಂಗ್ ಮಾಡಿಕೊಡುವ ಕಾರ್ಖಾನೆಗಳಿವೆ. ಆದರೆ ಬೆಡ್ ತಗ್ಗಿದಾಗ ಕ್ಯಾರೇಜ್ ಕೂಡ ಕೆಳಗಿಳಿಯುತ್ತದೆ, ಲೀಡ್ ಸ್ಕ್ರೂ, ಟೈಲ್‌ಸ್ಟಾಕ್ ಎಲ್ಲವನ್ನೂ ಮರುಹೊಂದಿಸಬೇಕು. ಸಣ್ಣ ಲೇತ್‌ಗೆ ಈ ಖರ್ಚು ಬಹುತೇಕ ಗಿಟ್ಟದು. ಬುಷ್, ಪಿನ್‌ನಂಥ ಗಿಡ್ಡ ಭಾಗಗಳಿಗೆ ಮಾತ್ರ ಬಳಸುವುದಾದರೆ ಸವೆದ ಬೆಡ್‌ನಲ್ಲೂ ಕೆಲಸ ನಡೆಯುತ್ತದೆ.

ಯಾವ ಲೇತ್ ಬೇಡವೇ ಬೇಡ?
ಹೆಡ್‌ಸ್ಟಾಕ್ ಬಿರುಕು ಬಿಟ್ಟದ್ದು, ಸ್ಪಿಂಡಲ್ ಸವೆದು ಗೀರು ಬಿದ್ದದ್ದು, ಹಲವು ಗೇರ್‌ಗಳ ಹಲ್ಲು ಹೋಗಿದ್ದು, ಚೇಂಜ್ ಗೇರ್ ಮತ್ತು ಟೈಲ್‌ಸ್ಟಾಕ್ ಎರಡೂ ಕಾಣೆಯಾದದ್ದು. ಇವುಗಳಲ್ಲಿ ಎರಡು ಸೇರಿದ್ದರೆ ಗುಜರಿ ಬೆಲೆಗೆ ಸಿಕ್ಕರೂ ಬಿಟ್ಟುಬಿಡಿ.

ಮತ್ತೆ ತುಕ್ಕು ಬಾರದಂತೆ ಹೇಗೆ ಕಾಪಾಡುವುದು?
ಮುಂಬೈ, ಚೆನ್ನೈನಂಥ ಕಡಲ ತೀರದ ಊರುಗಳಲ್ಲಿ ಉಪ್ಪುಗಾಳಿ ಮತ್ತು ಮಳೆಗಾಲದ ತೇವ ಎರಡೂ ಇವೆ. ಪ್ರತಿ ಸಲ ಕೆಲಸ ಮುಗಿದ ಮೇಲೆ ಚೂರು ತೆಗೆದು ಎಣ್ಣೆ ಒರೆಸಿ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ತೇವ ನಿಂತು ತುಕ್ಕು ಬೇಗ ಬರುತ್ತದೆ. ಎಣ್ಣೆ ಹಚ್ಚಿದ ಮೇಲೆ ದಪ್ಪ ಹತ್ತಿ ಬಟ್ಟೆ ಸಾಕು.

ಲೇತ್ ಕೆಲಸ ಗೊತ್ತಿಲ್ಲದವರು ಇದಕ್ಕೆ ಕೈ ಹಾಕಬಹುದೇ?
ಬಿಚ್ಚಿ, ತೊಳೆದು, ಜೋಡಿಸುವಷ್ಟು ತಾಳ್ಮೆ ಇದ್ದರೆ ಸಾಕು, ಆದರೆ ಓಡಿಸಲು ಕಲಿಯಲೇಬೇಕು. ನಿಮ್ಮ ಊರಿನ ಕೈಗಾರಿಕಾ ಪ್ರದೇಶದಲ್ಲಿ ನಿವೃತ್ತ ಟರ್ನರ್, ಫಿಟ್ಟರ್‌ಗಳು ಇದ್ದೇ ಇರುತ್ತಾರೆ. ಕಾರ್ಖಾನೆ, ರೈಲ್ವೆ ವರ್ಕ್‌ಶಾಪ್‌ಗಳಲ್ಲಿ ಮೂವತ್ತು ವರ್ಷ ದುಡಿದವರಿಗೆ ಶಬ್ದ ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳುವಷ್ಟು ಅನುಭವವಿರುತ್ತದೆ. ಲೇತ್ ಕೊಳ್ಳುವ ಮುನ್ನವೇ ಅಂಥವರೊಬ್ಬರನ್ನು ಜೊತೆಗೆ ಕರೆದೊಯ್ದು ತೋರಿಸಿ, ಅವರ ಸಮಯಕ್ಕೆ ತಕ್ಕ ಸಂಭಾವನೆ ಕೊಡಿ. ಹತ್ತು ನಿಮಿಷದಲ್ಲಿ ಅವರು ಹೇಳುವ ಮಾತು ನಿಮ್ಮ ತಿಂಗಳುಗಳ ಶ್ರಮವನ್ನೂ ಹಣವನ್ನೂ ಉಳಿಸಬಲ್ಲದು.